ವಿಎಲ್‌ಸಿಯಲ್ಲಿ ಓಡುವ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಯಾಕೆ ಇಂಪೋರ್ಟ್ ಆಗುವುದಿಲ್ಲ?

ನೀವು ಮೂರು ಫೈಲುಗಳ ಬಗ್ಗೆ ಕೇಳಿದ್ದೀರಿ. ಐಫೋನಿನಲ್ಲಿ ತೆಗೆದ ಕ್ಲಿಪ್ ಇಂಪೋರ್ಟ್ ಮಾಡಿದರೆ ಧ್ವನಿ ಮಾತ್ರ ಬರುತ್ತದೆ, ಚಿತ್ರ ಇಲ್ಲ. ಸ್ಕ್ರೀನ್ ರೆಕಾರ್ಡಿಂಗ್‌ನ ಎಂಕೆವಿ ಫೈಲನ್ನು ಸಾಫ್ಟ್‌ವೇರ್ ತೆಗೆದುಕೊಳ್ಳುವುದೇ ಇಲ್ಲ, ಹೆಸರಿನ ಕೊನೆಗೆ ಎಂಪಿ4 ಅಂತ ಬದಲಾಯಿಸಿದರೂ ಅಷ್ಟೇ. ಮೂರನೆಯದು ಕ್ಯಾಮೆರಾದ ಬ್ಯಾಟರಿ ಮುಗಿದಾಗ ರೆಕಾರ್ಡ್ ಆಗುತ್ತಿದ್ದ ಕ್ಲಿಪ್, ಅದು ಎಲ್ಲೂ ತೆರೆಯುತ್ತಿಲ್ಲ. ಮೊದಲ ಎರಡೂ ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರಿನಲ್ಲಿ ಚೆನ್ನಾಗಿ ಓಡುತ್ತವೆ, ಹಾಗಾದರೆ ಸಾಫ್ಟ್‌ವೇರ್ ಬದಲಾಯಿಸಬೇಕಾ ಅಂತ ನಿಮ್ಮ ಪ್ರಶ್ನೆ.

ಬದಲಾಯಿಸಬೇಡಿ. ಹಾಗೇ ಮೂರನ್ನೂ ಒಂದೇ ಕನ್ವರ್ಟರ್‌ಗೆ ಹಾಕಲೂ ಹೋಗಬೇಡಿ. ಬೇರೆ ಬೇರೆಯವರು ಕಳಿಸುವ ವಿಡಿಯೋಗಳನ್ನು ಜೋಡಿಸುವುದೇ ನನ್ನ ಕೆಲಸ. ಇಂಥ ಫೈಲುಗಳು ಬರುತ್ತಲೇ ಇರುತ್ತವೆ. ಒಳಗೆ ಏನಿದೆ ಅಂತ ನೋಡದೆ ಕನ್ವರ್ಟ್ ಮಾಡಿದರೆ ಸಮಯವೂ ಹೋಗುತ್ತದೆ, ಚಿತ್ರದ ಗುಣಮಟ್ಟವೂ ಹೋಗುತ್ತದೆ.

ಮೂರನೆಯದಕ್ಕೆ ತುರ್ತು ಜಾಸ್ತಿ, ಅದನ್ನೇ ಮೊದಲು ಹೇಳುತ್ತೇನೆ. ಆ ಮೆಮೊರಿ ಕಾರ್ಡಿಗೆ ಇನ್ನೇನನ್ನೂ ರೆಕಾರ್ಡ್ ಮಾಡಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಕಾರ್ಡಿನಲ್ಲಿರುವ ಫೈಲಿನ ಸೈಜ್ ಮತ್ತು ಕಂಪ್ಯೂಟರಿಗೆ ಬಂದಿರುವ ಫೈಲಿನ ಸೈಜ್ ಒಂದೇನಾ ನೋಡಿ. ಕಡಿಮೆ ಇದ್ದರೆ ಕಾಪಿ ಅರ್ಧಕ್ಕೆ ನಿಂತಿದೆ, ಮತ್ತೊಮ್ಮೆ ಕಾಪಿ ಮಾಡಿದರೆ ಸರಿಹೋಗಬಹುದು. ಒಂದೇ ಇದ್ದರೆ ತೊಂದರೆ ಫೈಲಿನ ಒಳಗೇ ಇದೆ. ರೆಕಾರ್ಡ್ ಆಗುವಾಗ ಸಾಮಾನ್ಯವಾಗಿ ಚಿತ್ರ ಮತ್ತು ಧ್ವನಿಯ ಡೇಟಾ ಮೊದಲು ಬರೆದುಕೊಳ್ಳುತ್ತಾ ಹೋಗುತ್ತದೆ. ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ, ಅಂದರೆ 'ಮೂವ್' ಅನ್ನುವ ಭಾಗ, ಸ್ಟಾಪ್ ಒತ್ತಿದ ಮೇಲೆ ಕೊನೆಯಲ್ಲಿ ಸೇರುತ್ತದೆ. ಅಷ್ಟರೊಳಗೆ ಬ್ಯಾಟರಿ ಹೋದರೆ ಡೇಟಾ ಎಲ್ಲ ಕಾರ್ಡಿನಲ್ಲೇ ಇರುತ್ತದೆ, ಓದುವ ದಾರಿ ಮಾತ್ರ ಇರುವುದಿಲ್ಲ. ಇಂಥ ಫೈಲನ್ನು ಯಾವ ಕನ್ವರ್ಟರ್ ಕೂಡ ತೆರೆಯಲಾರದು.

ಕಾರ್ಡನ್ನು ಅದೇ ಕ್ಯಾಮೆರಾಗೆ ಹಾಕಿ ಆನ್ ಮಾಡಿ ನೋಡಿ. ಕೆಲವು ಕ್ಯಾಮೆರಾಗಳು ಅರ್ಧಕ್ಕೆ ನಿಂತ ಕ್ಲಿಪ್ಪನ್ನು ಗುರುತಿಸಿ ತಾವೇ ರಿಪೇರಿ ಮಾಡುತ್ತವೆ. ಆಗದಿದ್ದರೆ ಅನ್‌ಟ್ರಂಕ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದಕ್ಕೆ ಕೆಟ್ಟ ಫೈಲಿನ ಜೊತೆ ಒಂದು ಒಳ್ಳೆಯ ಫೈಲನ್ನೂ ಕೊಡಬೇಕು. ಅದೇ ಕ್ಯಾಮೆರಾ, ಅದೇ ರೆಸಲ್ಯೂಶನ್, ಅದೇ ಫ್ರೇಮ್ ರೇಟ್ ಇರಬೇಕು. ಒಳ್ಳೆಯ ಫೈಲಿನ ರಚನೆ ನೋಡಿಕೊಂಡು ಕೆಟ್ಟದ್ದಕ್ಕೆ ಸೂಚಿ ಕಟ್ಟಿಕೊಡುತ್ತದೆ. ಯಾವಾಗಲೂ ಕಾಪಿಯ ಮೇಲೆ ಪ್ರಯತ್ನ ಮಾಡಿ, ಮೂಲ ಫೈಲ್ ಹಾಗೇ ಇರಲಿ.

ಈಗ ಉಳಿದ ಎರಡು. ಎಂಪಿ4, ಎಂಒವಿ, ಎಂಕೆವಿ, ಎವಿಐ ಇವೆಲ್ಲ ಬರೀ ಡಬ್ಬಿಗಳು. ಒಳಗಿರುವ ಪದಾರ್ಥ ಬೇರೆ, ಅದನ್ನು ಕೋಡೆಕ್ ಅನ್ನುತ್ತಾರೆ: ಎಚ್.264, ಎಚ್‌ಇವಿಸಿ, ಎವಿ1, ಪ್ರೋರೆಸ್ ಹೀಗೆ. ಹೆಸರಿನ ಕೊನೆಯ ಅಕ್ಷರ ಬದಲಾಯಿಸಿದರೆ ಡಬ್ಬಿಯ ಮೇಲಿನ ಚೀಟಿ ಬದಲಾಯಿತು ಅಷ್ಟೇ. ಡಬ್ಬಿಯೂ ಅದೇ, ಒಳಗಿನದೂ ಅದೇ. ವಿಎಲ್‌ಸಿ ತನಗೆ ಬೇಕಾದ ಡಿಕೋಡರ್‌ಗಳನ್ನೆಲ್ಲ, ಅಂದರೆ ಕೋಡೆಕ್ ಓದುವ ಭಾಗಗಳನ್ನೆಲ್ಲ, ತನ್ನ ಜೊತೆಗೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಏನು ಕೊಟ್ಟರೂ ಓಡಿಸುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಹಾಗಲ್ಲ. ಪ್ಲೇಯರ್‌ಗೆ ಮೊದಲಿನಿಂದ ಕೊನೆಗೆ ಓಡಿಸಿದರೆ ಸಾಕು. ಎಡಿಟರ್ ಯಾವ ಫ್ರೇಮಿಗೆ ಬೇಕಾದರೂ ತಕ್ಷಣ ಹಾರಬೇಕು, ಹಿಂದಕ್ಕೆ ಓಡಿಸಬೇಕು, ಕತ್ತರಿಸಬೇಕು. ಅದಕ್ಕೇ ಅದು ಆಯ್ದ ಕೋಡೆಕ್‌ಗಳನ್ನು ಮಾತ್ರ ಒಪ್ಪುತ್ತದೆ. ವಿಎಲ್‌ಸಿಯಲ್ಲಿ ಓಡಿತು ಅಂದರೆ ಫೈಲ್ ಕೆಟ್ಟಿಲ್ಲ ಅಂತ ಹೆಚ್ಚುಕಡಿಮೆ ಗೊತ್ತಾಯಿತು, ಅಷ್ಟೇ.

ಮೀಡಿಯಾಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಫೈಲನ್ನು ಎಳೆದು ಅದರ ಮೇಲೆ ಬಿಡಿ, ವ್ಯೂ ಮೆನುವಿನಲ್ಲಿ 'ಟೆಕ್ಸ್ಟ್' ಆರಿಸಿ. ವಿಡಿಯೋ ಭಾಗದಲ್ಲಿ 'ಫಾರ್ಮ್ಯಾಟ್' ಅನ್ನುವ ಸಾಲು ನೋಡಿ, ಕೋಡೆಕ್ ಹೆಸರು ಅಲ್ಲಿದೆ. 'ಎವಿಸಿ' ಅಂದರೆ ಎಚ್.264. ಸ್ವಲ್ಪ ಕೆಳಗೆ 'ಫ್ರೇಮ್ ರೇಟ್ ಮೋಡ್', 'ಕ್ರೋಮಾ ಸಬ್‌ಸ್ಯಾಂಪ್ಲಿಂಗ್', 'ಬಿಟ್ ಡೆಪ್ತ್' ಅಂತ ಮೂರು ಸಾಲುಗಳಿರುತ್ತವೆ. ಆಡಿಯೋ ಭಾಗದಲ್ಲಿ ಮತ್ತೆ 'ಫಾರ್ಮ್ಯಾಟ್'. ಈ ಐದು ಸಾಲು ನೋಡಿದರೆ ಸಾಮಾನ್ಯವಾಗಿ ರೋಗ ಗೊತ್ತಾಗುತ್ತದೆ. ವಿಡಿಯೋ ಭಾಗವೇ ಕಾಣದೆ ಬರೀ ಫೈಲಿನ ಹೆಸರು, ಸೈಜ್ ಕಂಡರೆ ಅದು ನಿಮ್ಮ ಮೂರನೇ ಫೈಲಿನ ಜಾತಿ.

ಧ್ವನಿ ಮಾತ್ರ ಬರುವ ನಿಮ್ಮ ಫೋನ್ ಕ್ಲಿಪ್ಪಿನಲ್ಲಿ ಬಹುಶಃ 'ಎಚ್‌ಇವಿಸಿ' ಅಂತ ಕಾಣುತ್ತದೆ. ಸಾಫ್ಟ್‌ವೇರ್‌ಗೆ ಡಬ್ಬಿ ತೆರೆಯಲು ಬಂತು, ಧ್ವನಿ ಅರ್ಥವಾಯಿತು, ಚಿತ್ರದ ಕೋಡೆಕ್ ಅರ್ಥವಾಗಲಿಲ್ಲ. ಚಿತ್ರ ಬಂದು ಧ್ವನಿ ಬರದಿದ್ದರೆ ಇದರ ತಿರುಗುಮುರುಗು, ಆಗ ಆಡಿಯೋ ಕೋಡೆಕ್ ನೋಡಬೇಕು. 2017ರ ಐಒಎಸ್ 11ರಿಂದ ಐಫೋನುಗಳಲ್ಲಿ ಎಚ್‌ಇವಿಸಿ ಬಂದಿದೆ, ಯಾಕೆಂದರೆ ಜಾಗ ಉಳಿಯುತ್ತದೆ. 1080ಪಿ, 30 ಫ್ರೇಮಿನ ಒಂದು ನಿಮಿಷಕ್ಕೆ ಎಚ್‌ಇವಿಸಿಯಲ್ಲಿ ಸುಮಾರು 60 ಎಂಬಿ, ಎಚ್.264ರಲ್ಲಿ ಸುಮಾರು 130 ಎಂಬಿ. ವಿಂಡೋಸ್‌ನಲ್ಲಿ ಕೆಲವು ಸಾಫ್ಟ್‌ವೇರ್‌ಗಳು ವಿಂಡೋಸ್‌ನದೇ ಡಿಕೋಡರ್ ಬಳಸುತ್ತವೆ. ಅವಕ್ಕೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿರುವ 'ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಶನ್ಸ್' ಹಾಕಿದರೆ ಸಾಕು, ಫೈಲನ್ನು ಮುಟ್ಟುವುದೇ ಬೇಡ. ಮುಂದಿನ ಶೂಟಿಂಗ್‌ಗೆ ಐಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಳ್ಳಿ, ಆಗ ಎಚ್.264ರಲ್ಲಿ ರೆಕಾರ್ಡ್ ಆಗುತ್ತದೆ. ನೀವು ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಬಳಸುವವರಾದರೆ ಮಾತ್ರ ಕಥೆ ಬೇರೆ. ಅದು ಎಚ್.264 ಅನ್ನೂ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಕನ್ವರ್ಟ್ ಮಾಡಲೇಬೇಕು.

ಎಂಕೆವಿಯದು ಎಲ್ಲಕ್ಕಿಂತ ಸುಲಭ. ಮೀಡಿಯಾಇನ್ಫೋದಲ್ಲಿ ವಿಡಿಯೋ ಎವಿಸಿ, ಆಡಿಯೋ ಎಎಸಿ ಅಂತ ಇದ್ದರೆ ಪದಾರ್ಥ ಸರಿಯಾಗೇ ಇದೆ, ಡಬ್ಬಿ ಮಾತ್ರ ನಿಮ್ಮ ಸಾಫ್ಟ್‌ವೇರ್‌ಗೆ ಆಗಿಬರುವುದಿಲ್ಲ. ಡಬ್ಬಿ ಬದಲಾಯಿಸುವುದಕ್ಕೆ ರೀಮಕ್ಸ್ ಅನ್ನುತ್ತಾರೆ. ಓಬಿಎಸ್ ಅನ್ನುವ ಸ್ಕ್ರೀನ್ ರೆಕಾರ್ಡಿಂಗ್ ಪ್ರೋಗ್ರಾಂನಲ್ಲಿ ರೆಕಾರ್ಡ್ ಮಾಡಿದ್ದರೆ ಅದರ ಫೈಲ್ ಮೆನುವಿನಲ್ಲೇ 'ರೀಮಕ್ಸ್ ರೆಕಾರ್ಡಿಂಗ್ಸ್' ಇದೆ. ಬೇರೆ ಕಡೆಯ ಫೈಲಿಗೆ ಶಟರ್ ಎನ್‌ಕೋಡರ್ ಅನ್ನುವ ಕನ್ವರ್ಟರ್‌ನಲ್ಲಿ 'ರೀವ್ರ್ಯಾಪ್' ಬಳಸಿ. ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ, ಕೆಲಸ ಫೈಲ್ ಕಾಪಿ ಮಾಡಿದಷ್ಟೇ ಬೇಗ ಮುಗಿಯುತ್ತದೆ. ಎಂಕೆವಿಯಲ್ಲಿ ರೆಕಾರ್ಡ್ ಮಾಡುವ ಅಭ್ಯಾಸ ಬಿಡಬೇಡಿ. ಕರೆಂಟ್ ಹೋದರೂ ಅಲ್ಲಿಯವರೆಗಿನದ್ದು ಎಂಕೆವಿಯಲ್ಲಿ ಉಳಿಯುತ್ತದೆ. ಮಾಮೂಲಿ ಎಂಪಿ4 ಆದರೆ ನಿಮ್ಮ ಕ್ಯಾಮೆರಾ ಕ್ಲಿಪ್ಪಿಗೆ ಆದದ್ದೇ ಆಗುತ್ತದೆ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳಲೇಬೇಕು. 'ಫ್ರೇಮ್ ರೇಟ್ ಮೋಡ್' ಎದುರು 'ವೇರಿಯಬಲ್' ಅಂತ ಇದ್ದರೆ ಇಂಪೋರ್ಟ್ ಆದ ಮೇಲೂ ತೊಂದರೆ ಕಾದಿರುತ್ತದೆ. ಫೋನ್ ಮತ್ತು ಸ್ಕ್ರೀನ್ ರೆಕಾರ್ಡಿಂಗ್‌ಗಳಲ್ಲಿ ಇದು ಮಾಮೂಲು. ಬೆಳಕು ಕಡಿಮೆಯಾದಾಗ, ಫೋನಿನ ಮೇಲೆ ಕೆಲಸದ ಹೊರೆ ಬಿದ್ದಾಗ ಸೆಕೆಂಡಿಗೆ 30 ಇದ್ದದ್ದು 27 ಆಗಬಹುದು, ಮತ್ತೆ 30ಕ್ಕೆ ಏರಬಹುದು. ಟೈಮ್‌ಲೈನ್ ಒಂದೇ ಲೆಕ್ಕದಲ್ಲಿ ಓಡುತ್ತದೆ. ಶುರುವಿನಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಹೊಂದುತ್ತದೆ, ಉದ್ದದ ಕ್ಲಿಪ್ಪಿನ ಕೊನೆಗೆ ಬರುವಷ್ಟರಲ್ಲಿ ಮಾತು ಹಿಂದೆಮುಂದೆ ಆಗಿರುತ್ತದೆ. ಈಚಿನ ಕೆಲವು ಸಾಫ್ಟ್‌ವೇರ್‌ಗಳು ಇದನ್ನು ಒಂದು ಮಟ್ಟಿಗೆ ನಿಭಾಯಿಸುತ್ತವೆ. ಆದರೂ ಎಡಿಟಿಂಗ್ ಶುರು ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್‌ಗೆ ಹಾಕಿ, ವಿಡಿಯೋ ಟ್ಯಾಬಿನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ, ಕ್ವಾಲಿಟಿ ಸ್ಲೈಡರನ್ನು ಆರ್‌ಎಫ್ 16 ಅಥವಾ 18ರ ಹತ್ತಿರ ಇಟ್ಟು (ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು) ಹೊಸ ಫೈಲ್ ತೆಗೆಯುವುದು ಕ್ಷೇಮ. ಅರ್ಧ ಎಡಿಟ್ ಆದ ಮೇಲೆ ಫೈಲ್ ಬದಲಾಯಿಸಿದರೆ ಕಟ್‌ಗಳೆಲ್ಲ ಜರುಗುತ್ತವೆ, ಅದು ದೊಡ್ಡ ತಲೆನೋವು.

ಕನ್ವರ್ಟ್ ಮಾಡಲೇಬೇಕಾದ ಸಂದರ್ಭದಲ್ಲಿ, ಡಿಸ್ಕಿನಲ್ಲಿ ಜಾಗ ಇದ್ದರೆ ನಾನು ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಆರಿಸುತ್ತೇನೆ. ಇವು ಎಡಿಟಿಂಗ್‌ಗೆ ಅಂತಲೇ ಮಾಡಿದ ಕೋಡೆಕ್‌ಗಳು, ಟೈಮ್‌ಲೈನ್ ಹಗುರವಾಗಿ ಓಡುತ್ತದೆ. ಶಟರ್ ಎನ್‌ಕೋಡರ್‌ನಲ್ಲಿ ಎರಡೂ ಇವೆ. ಜಾಗ ಮಾತ್ರ ಬಹಳ ತಿನ್ನುತ್ತವೆ: 1080ಪಿ, 30 ಫ್ರೇಮಿನ ಪ್ರೋರೆಸ್ 422 ಒಂದು ಗಂಟೆಗೆ ಸುಮಾರು 66 ಜಿಬಿ. ಕ್ಯಾಮೆರಾದಿಂದ ಬಂದ, 'ಬಿಟ್ ಡೆಪ್ತ್' 10 ಬಿಟ್, 'ಕ್ರೋಮಾ ಸಬ್‌ಸ್ಯಾಂಪ್ಲಿಂಗ್' 4:2:2 ಅಂತ ಕಾಣುವ ಫೈಲುಗಳು ತೆರೆದರೂ ತಡವರಿಸುವುದುಂಟು, ಆ ಬಗೆಯ ಎಚ್.264 ಅನ್ನು ಹಳೆಯ ಗ್ರಾಫಿಕ್ಸ್ ಕಾರ್ಡುಗಳು ಡಿಕೋಡ್ ಮಾಡುವುದಿಲ್ಲ. ಅವಕ್ಕೂ ಇದೇ ಮದ್ದು. ವಿಡಿಯೋ ಅಪ್‌ಲೋಡ್ ಮಾಡಿ ಕನ್ವರ್ಟ್ ಮಾಡುವ ವೆಬ್‌ಸೈಟ್‌ಗಳ ಸಹವಾಸ ಬೇಡ. ಸುಮ್ನೆ ಗುಣಮಟ್ಟ ಇಳಿಸುತ್ತವೆ, ನಿಮ್ಮ ವಿಡಿಯೋ ಯಾರ ಕೈಗೆ ಹೋಯಿತು ಅಂತಲೂ ಗೊತ್ತಾಗುವುದಿಲ್ಲ.

ಇನ್ನು ಕೆಲವು ಚಿಕ್ಕ ವಿಷಯ. ಫೈಲ್ ಒನ್‌ಡ್ರೈವ್ ಅಥವಾ ಐಕ್ಲೌಡ್ ಫೋಲ್ಡರಿನಲ್ಲಿದ್ದರೆ ಹೆಸರು ಮಾತ್ರ ಕಾಣುತ್ತಿರಬಹುದು, ಫೈಲ್ ಇನ್ನೂ ಇಳಿದಿರುವುದಿಲ್ಲ. ಮೊದಲು ಪೂರ್ತಿ ಇಳಿಸಿ, ಕಂಪ್ಯೂಟರಿನ ಡಿಸ್ಕಿಗೆ ಕಾಪಿ ಮಾಡಿ. ಎವಿಸಿಎಚ್‌ಡಿ ಅನ್ನುವ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡುವ ಕ್ಯಾಮೆರಾದ ಕಾರ್ಡಿನಿಂದ ಎಂಟಿಎಸ್ ಅನ್ನುವ ವಿಡಿಯೋ ಫೈಲುಗಳನ್ನಷ್ಟೇ ಹೆಕ್ಕಬೇಡಿ, ಪೂರ್ತಿ ಫೋಲ್ಡರ್ ತನ್ನಿ, ಇಲ್ಲದಿದ್ದರೆ ಉದ್ದದ ಕ್ಲಿಪ್‌ಗಳ ತುಂಡುಗಳು ಜೋಡಿಯಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಯಾರಾದರೂ ವಿಡಿಯೋ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನಿನ್ನೆವರೆಗೆ ಬರುತ್ತಿದ್ದ ಫೈಲ್ ಇವತ್ತು ಬರುತ್ತಿಲ್ಲ ಅಂದರೆ ಸಾಫ್ಟ್‌ವೇರಿನ ಮೀಡಿಯಾ ಕ್ಯಾಶ್, ಅಂದರೆ ಅದು ತನ್ನ ಬಳಕೆಗೆ ಇಟ್ಟುಕೊಂಡ ತಾತ್ಕಾಲಿಕ ಫೈಲುಗಳನ್ನು, ಅಳಿಸಿ ಮತ್ತೆ ತೆರೆಯಿರಿ.

ಫೋನ್ ಕ್ಲಿಪ್ಪಿಗೆ ಇಷ್ಟಕ್ಕೂ ಚಿತ್ರ ಬರದಿದ್ದರೆ ಮೀಡಿಯಾಇನ್ಫೋದ ಆ ಐದು ಸಾಲು, ಸಾಫ್ಟ್‌ವೇರಿನ ಹೆಸರು ಮತ್ತು ವರ್ಷನ್, ಜೊತೆಗೆ ಎರರ್ ಬಂದರೆ ಅದನ್ನು ಇದ್ದ ಹಾಗೇ ಕಾಪಿ ಮಾಡಿ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.