ನಾಯಕನನ್ನು ಆರಿಸೋದು ಶಾಸಕರೋ, ಹೈಕಮಾಂಡೋ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಶಾಸಕಾಂಗ ಪಕ್ಷದ ನಾಯಕನ ಆಯ್ಕೆ, ಅದರ ಸುತ್ತ ನಡೆಯುವ ಬಣ ಜಗಳ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಓಟು ಹಾಕಿ ಶಾಸಕರನ್ನು ಗೆಲ್ಲಿಸುತ್ತೇವೆ. ಆ ಶಾಸಕರು ಸೇರಿ ತಮ್ಮ ನಾಯಕನನ್ನು ಆರಿಸಬೇಕು ತಾನೆ? ಮತ್ತೆ ಎಲ್ಲರೂ ದೆಹಲಿ ವಿಮಾನ ಹತ್ತೋದು ಯಾಕೆ? ಇದು ಯಾವ ಕಾನೂನಿನಲ್ಲಿದೆ? (ಓದುಗರೊಬ್ಬರು, ಹಾವೇರಿ)

ಯಾವ ಕಾನೂನಿನಲ್ಲೂ ಇಲ್ಲ. ಸಂವಿಧಾನದ 164ನೇ ವಿಧಿ ಹೇಳುವುದು ಇಷ್ಟೇ: ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಯಾರ ಹಿಂದೆ ಬಹುಮತ ಇದೆಯೋ ಅವರನ್ನು ಕರೆಯುವುದು ನಡೆದು ಬಂದ ಪದ್ಧತಿ. ಆ ‘ಯಾರು’ ಅನ್ನೋದನ್ನು ಪಕ್ಷ ಹೇಗೆ ತೀರ್ಮಾನಿಸಬೇಕು ಅಂತ ಸಂವಿಧಾನ ಒಂದು ಮಾತೂ ಹೇಳುವುದಿಲ್ಲ. ಅದು ಪಕ್ಷದ ಒಳಗಿನ ವ್ಯವಹಾರ. ಜಗಳ ಹುಟ್ಟುವುದೂ ಅಲ್ಲೇ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಫಲಿತಾಂಶ ಬಂದ ಮರುದಿನವೋ ಅದರಾಚೆ ದಿನವೋ ಶಾಸಕಾಂಗ ಪಕ್ಷದ ಸಭೆ. ದೆಹಲಿಯಿಂದ ಇಬ್ಬರೋ ಮೂವರೋ ವೀಕ್ಷಕರು ಬರುತ್ತಾರೆ. ಸಭೆಯಲ್ಲಿ ಒಬ್ಬರು ಎದ್ದು ಒಂದು ಸಾಲಿನ ನಿರ್ಣಯ ಓದುತ್ತಾರೆ: ನಾಯಕನ ಆಯ್ಕೆಯನ್ನು ಪಕ್ಷದ ಅಧ್ಯಕ್ಷರಿಗೆ ಬಿಟ್ಟಿದ್ದೇವೆ. ಎಲ್ಲರೂ ಕೈ ಎತ್ತುತ್ತಾರೆ. ಆಮೇಲೆ ವೀಕ್ಷಕರು ಶಾಸಕರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಅಭಿಪ್ರಾಯ ಕೇಳುತ್ತಾರೆ, ಇಲ್ಲವೇ ಚೀಟಿ ಕೊಟ್ಟು ಹೆಸರು ಬರೆಸಿಕೊಳ್ಳುತ್ತಾರೆ. ಆ ಚೀಟಿಗಳು ಲಕೋಟೆಯಲ್ಲಿ ದೆಹಲಿಗೆ ಹೋಗುತ್ತವೆ. ಯಾರಿಗೆ ಎಷ್ಟು ಬಿತ್ತು ಅನ್ನೋದು ಬರೆದವರಿಗೂ ಗೊತ್ತಾಗುವುದಿಲ್ಲ.

2023 ನೆನಪಿಸಿಕೊಳ್ಳಿ. ಮೇ 13ಕ್ಕೆ ಫಲಿತಾಂಶ, ಕಾಂಗ್ರೆಸ್‌ಗೆ 135 ಸ್ಥಾನ. 113 ಸಾಕಿತ್ತು, ಅಂದರೆ ಯಾರ ಹಂಗೂ ಇಲ್ಲ. ಮರುದಿನ ಸಂಜೆಯೇ ಬೆಂಗಳೂರಿನ ಹೋಟೆಲಿನಲ್ಲಿ ಸಭೆ ಸೇರಿ ಮಲ್ಲಿಕಾರ್ಜುನ ಖರ್ಗೆಯವರಿಗೆ ಅಧಿಕಾರ ಕೊಡುವ ಒಂದು ಸಾಲಿನ ನಿರ್ಣಯ ಮಾಡಿದರು. ವೀಕ್ಷಕರಾಗಿ ಬಂದಿದ್ದ ಸುಶೀಲ್ ಕುಮಾರ್ ಶಿಂದೆ ಮತ್ತಿತರರು ಶಾಸಕರ ಅಭಿಪ್ರಾಯ ಪಡೆದುಕೊಂಡು ಹೋದರು. ಸಿದ್ದರಾಮಯ್ಯನವರ ಹೆಸರು ಪ್ರಕಟವಾದದ್ದು 18ಕ್ಕೆ, ಪ್ರಮಾಣವಚನ 20ಕ್ಕೆ. ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿಯಾದರು. ಶಾಸಕರು ಏನು ಬರೆದುಕೊಟ್ಟರು ಅನ್ನೋದನ್ನು ಅಧಿಕೃತವಾಗಿ ಯಾರೂ ಹೇಳಲಿಲ್ಲ. ‘ನಮ್ಮವರಿಗೇ ಜಾಸ್ತಿ ಇತ್ತು’ ಅಂತ ಎರಡೂ ಕಡೆಯವರು ಹೇಳಿಕೊಂಡು ಓಡಾಡಲು ದಾರಿ ಆಗುವುದು ಇದರಿಂದಲೇ. ಎಣಿಕೆ ಮುಚ್ಚಿಟ್ಟರೆ ಜಗಳ ಮುಗಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಇದನ್ನು ನಾನು ತುಂಬಾ ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ.

ಇದು ಒಂದು ಪಕ್ಷದ ಮಾತಲ್ಲ, ಒಂದು ಕಾಲದ ಮಾತೂ ಅಲ್ಲ. 1989ರಲ್ಲಿ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಗೆದ್ದಿತ್ತು. ಮರುವರ್ಷ ಅವರು ಹಾಸಿಗೆ ಹಿಡಿದಿದ್ದಾಗ, ಬದಲಾವಣೆಯ ಮಾತು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿಯವರ ಬಾಯಿಂದ ಬಂತು. ಪಾಟೀಲರನ್ನು ಆರಿಸಿದ ಶಾಸಕರು ಆಮೇಲೆ ತಲೆಯಾಡಿಸಿದರು. ಬಂಗಾರಪ್ಪ ಬಂದರು, 1992ರಲ್ಲಿ ಮೊಯಿಲಿ ಬಂದರು. 1994ರ ಚುನಾವಣೆಯಲ್ಲಿ 178 ಇದ್ದದ್ದು 34ಕ್ಕೆ ಇಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ಐದು ವರ್ಷಕ್ಕೆ ಮೂರು ಮುಖ್ಯಮಂತ್ರಿಗಳನ್ನು ನೋಡಿದ ಜನ ಅದನ್ನು ಮರೆತು ಓಟು ಹಾಕಿದರು ಅಂತ ನನಗಂತೂ ಅನ್ನಿಸುವುದಿಲ್ಲ.

ಪ್ರಶ್ನೆ: ಇಪ್ಪತ್ತೆರಡು ವರ್ಷದಿಂದ ಪಕ್ಷದ ಕಾರ್ಯಕರ್ತ ನಾನು. ನಮ್ಮೂರಲ್ಲೇ ಎರಡು ಬಣ ಆಗಿ, ಒಟ್ಟಿಗೆ ಬಾವುಟ ಕಟ್ಟಿದವರು ಈಗ ಎದುರುಬದುರು ಬಂದರೂ ಮಾತಾಡೋದಿಲ್ಲ. ಗುಪ್ತ ಮತದಾನ ಮಾಡಿ ಗೆದ್ದವರನ್ನು ನಾಯಕ ಅಂತ ಒಪ್ಪಿಕೊಂಡುಬಿಟ್ಟರೆ ಇದೆಲ್ಲ ಮುಗಿಯೋದಿಲ್ವಾ ಸರ್? (ಕಾರ್ಯಕರ್ತರೊಬ್ಬರು, ತಿಪಟೂರು)

ನಿಮ್ಮ ಪತ್ರ ಓದಿ ಬೇಜಾರಾಯಿತು. ಮೇಲಿನವರು ಬೆಳಿಗ್ಗೆ ಜಗಳವಾಡಿ ಸಂಜೆ ಒಂದೇ ವೇದಿಕೆಯಲ್ಲಿ ಕೈ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಊರಲ್ಲಿ ಮುರಿದ ಸ್ನೇಹ ಅಷ್ಟು ಸುಲಭಕ್ಕೆ ಕೂಡುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪೂರ್ತಿ ಮುಗಿಯುವುದಿಲ್ಲ, ಆದರೂ ಮತದಾನವೇ ಸರಿ. ನಮ್ಮ ರಾಜ್ಯದಲ್ಲೇ ನಡೆದದ್ದು ಇದೆ. 2011ರ ಜುಲೈ ಕೊನೆಗೆ, ಗಣಿ ಬಗ್ಗೆ ಲೋಕಾಯುಕ್ತ ವರದಿ ಬಂದ ಮೇಲೆ, ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಬಿಜೆಪಿ ಶಾಸಕರು ಆಗಸ್ಟ್ 3ಕ್ಕೆ ಮತ ಹಾಕಿದರು. ಸದಾನಂದ ಗೌಡರಿಗೆ 66, ಜಗದೀಶ ಶೆಟ್ಟರ್‌ಗೆ 55. ಲೆಕ್ಕ ಊರಿಗೆಲ್ಲ ಗೊತ್ತಾಯಿತು. ಹಾಗಂತ ಜಗಳ ನಿಂತಿತಾ? ಇಲ್ಲ. ಗೌಡರನ್ನು ಗೆಲ್ಲಿಸಿದ ಯಡಿಯೂರಪ್ಪನವರ ಬಣವೇ ಆಮೇಲೆ ಅವರನ್ನು ಇಳಿಸಿ ಅಂತ ಕೂತಿತು. ಒಂದು ವರ್ಷ ತುಂಬುವುದರೊಳಗೆ, 2012ರ ಜುಲೈನಲ್ಲಿ, ಸೋತಿದ್ದ ಶೆಟ್ಟರೇ ಮುಖ್ಯಮಂತ್ರಿಯಾದರು. ಯಡಿಯೂರಪ್ಪ ಪಕ್ಷ ಬಿಟ್ಟು ಕೆಜೆಪಿ ಕಟ್ಟಿದರು. 2013ರಲ್ಲಿ ಕೆಜೆಪಿಗೆ ಬಂದದ್ದು 6 ಸ್ಥಾನ, ಬಿಜೆಪಿಗೆ ಬಂದದ್ದು 40.

ಅದೇ 2013ರಲ್ಲಿ ಕಾಂಗ್ರೆಸ್ 122 ಗೆದ್ದಿತು. ಸಿದ್ದರಾಮಯ್ಯ, ಖರ್ಗೆ ಇಬ್ಬರ ಹೆಸರೂ ಮುಂದಿತ್ತು. ಮೇ 8ಕ್ಕೆ ಫಲಿತಾಂಶ, 10ಕ್ಕೆ ಶಾಸಕರಿಂದ ಗುಪ್ತ ಮತದಾನ, ಅವತ್ತೇ ಸಿದ್ದರಾಮಯ್ಯನವರ ಹೆಸರು ಹೊರಬಂತು. ಐದು ವರ್ಷ ಪೂರ್ತಿ ಅವರೇ ಇದ್ದರು. ಎರಡು ದಿನದಲ್ಲಿ ತೀರ್ಮಾನ ಆದದ್ದು, ಸೋತವರು ತಕ್ಷಣ ಬೀದಿಗೆ ಬರದೇ ಇದ್ದದ್ದು, ಎರಡೂ ಅದಕ್ಕೆ ನೆರವಾದವು. ಮತ ಹಾಕಿಸುವುದು ಅರ್ಧ ಕೆಲಸ. ಬಿದ್ದ ಮತಕ್ಕೆ ಎಲ್ಲರೂ ಬದ್ಧರಾಗಿ ನಿಲ್ಲುವುದು ಇನ್ನರ್ಧ. 2011ರಲ್ಲಿ ಆ ಇನ್ನರ್ಧ ಆಗಲೇ ಇಲ್ಲ.

ಪ್ರಶ್ನೆ: ಅಸಮಾಧಾನ ಇರುವ ಶಾಸಕರು ತಮ್ಮದೇ ಗುಂಪು ಮಾಡಿಕೊಂಡು ಹೊರಗೆ ಬರಬಹುದಾ? (ವಿದ್ಯಾರ್ಥಿನಿ, ಧಾರವಾಡ)

ಮೊದಲು ಬರಬಹುದಿತ್ತು. 1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಮೂರನೇ ಒಂದು ಭಾಗದಷ್ಟು ಜನ ಒಡೆದುಕೊಂಡರೆ ಸದಸ್ಯತ್ವ ಹೋಗುತ್ತಿರಲಿಲ್ಲ. 2003ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಉಳಿದಿರುವುದು ಇನ್ನೊಂದು ಪಕ್ಷದ ಜೊತೆ ವಿಲೀನದ ದಾರಿ, ಅದಕ್ಕೆ ಮೂರನೇ ಎರಡು ಭಾಗ ಬೇಕು. 120 ಶಾಸಕರ ಪಕ್ಷ ಅಂದರೆ 80 ಜನ. ಒಂದು ಬಣಕ್ಕೆ ಅಷ್ಟು ಸಿಗುವುದು ಕಷ್ಟ. ಅದಕ್ಕೇ ರಾಜೀನಾಮೆ ಕೊಡುವ ದಾರಿ ಹಿಡಿಯುತ್ತಾರೆ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಿದ್ದಾಗ ಹೀಗೇ ಆಯಿತು. ಸ್ಪೀಕರ್ 17 ಜನರನ್ನು ಅನರ್ಹಗೊಳಿಸಿದರು.

ಪ್ರಶ್ನೆ: ಶಾಸಕರೇ ಅಲ್ಲದವರು ಶಾಸಕಾಂಗ ಪಕ್ಷದ ನಾಯಕ ಆಗೋದು ಹೇಗೆ? (ಓದುಗರು, ಚಿತ್ರದುರ್ಗ)

ಆಗಬಹುದು. ಮುಖ್ಯಮಂತ್ರಿಯಾದರೆ ಆರು ತಿಂಗಳೊಳಗೆ ವಿಧಾನಸಭೆಗೋ ಪರಿಷತ್ತಿಗೋ ಆರಿಸಿ ಬರಬೇಕು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ ಮೇಲೆ ಕನಕಪುರದಿಂದ ಗೆದ್ದು ಬಂದರು. 2011ರಲ್ಲಿ ಸದಾನಂದ ಗೌಡರು ಸಂಸದರಾಗಿದ್ದರು. ಬಣಗಳು ಒಬ್ಬರನ್ನೊಬ್ಬರು ಒಪ್ಪದೇ ಇದ್ದಾಗ ಹೊರಗಿನ ಹೆಸರು ಬರುವುದು ಹೊಸದಲ್ಲ.

ನಿಮ್ಮ ಜಿಲ್ಲೆಯ ಒಂದು ಕಥೆಯೂ ಇದೆ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ಮೂರು ತಿಂಗಳಲ್ಲಿ ನಿಜಲಿಂಗಪ್ಪ ಬಾಗಲಕೋಟೆಯಿಂದ ವಿಧಾನಸಭೆಗೆ ಬಂದ ಮೇಲೆ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟು, ಅವರ ಸಂಪುಟದಲ್ಲೇ ಮಂತ್ರಿಯಾಗಿ ಕೆಲಸ ಮಾಡಿದರು. ಈ ಮನುಷ್ಯನ ಬಗ್ಗೆ ನಾವು ಇನ್ನೂ ಜಾಸ್ತಿ ಮಾತಾಡಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಪ್ರಶ್ನೆ: ಗೆದ್ದ ಪಕ್ಷದಲ್ಲಿ ಕುರ್ಚಿಗಾಗಿ ಕಿತ್ತಾಟ ಅಂದರೆ ಅರ್ಥ ಆಗುತ್ತದೆ. ಸೋತ ಪಕ್ಷದಲ್ಲಿ ನಾಯಕ ಯಾರಾದರೇನು? ಅದರಿಂದ ನಮ್ಮಂಥವರಿಗೆ ಏನು ನಷ್ಟ? (ಗೃಹಿಣಿ, ಮೈಸೂರು)

ನಷ್ಟ ಇದೆ ಅಮ್ಮ, ತುಂಬಾ ಇದೆ. 2023ರಲ್ಲಿ ಬಿಜೆಪಿಗೆ 66 ಸ್ಥಾನ ಬಂದವು. ಮೇ ತಿಂಗಳಲ್ಲಿ ಫಲಿತಾಂಶ ಬಂದರೆ ಆರ್. ಅಶೋಕ ಅವರನ್ನು ಶಾಸಕಾಂಗ ಪಕ್ಷದ ನಾಯಕ ಅಂತ ಆರಿಸಿದ್ದು ನವೆಂಬರ್ 17ಕ್ಕೆ. ಆರು ತಿಂಗಳು. ಆ ನಡುವೆ ಜುಲೈನಲ್ಲಿ ಹೊಸ ಸರ್ಕಾರ 3.27 ಲಕ್ಷ ಕೋಟಿ ರೂಪಾಯಿಯ ಬಜೆಟ್ ಮಂಡಿಸಿತು. ಅದನ್ನು ಸಾಲು ಸಾಲಾಗಿ ಓದಿ, ಎದ್ದು ನಿಂತು ಮೊದಲ ಪ್ರಶ್ನೆ ಕೇಳಬೇಕಾದ ವಿರೋಧ ಪಕ್ಷದ ನಾಯಕನ ಜಾಗ ಖಾಲಿ ಇತ್ತು.

ಆ ಜಾಗಕ್ಕೆ ಸಂಪುಟ ದರ್ಜೆ ಇದೆ, ಕಚೇರಿ ಇದೆ, ಸಿಬ್ಬಂದಿ ಇದ್ದಾರೆ. ಲೋಕಾಯುಕ್ತರನ್ನು ನೇಮಿಸುವಾಗ ಅಭಿಪ್ರಾಯ ಕೇಳಬೇಕಾದವರಲ್ಲಿ ವಿರೋಧ ಪಕ್ಷದ ನಾಯಕರೂ ಒಬ್ಬರು. ಮಾಹಿತಿ ಆಯುಕ್ತರನ್ನು ಆರಿಸುವ ಮೂವರ ಸಮಿತಿಯಲ್ಲೂ ಇರುತ್ತಾರೆ. ನೀವು ಒಂದು ಕಚೇರಿಗೆ ಮಾಹಿತಿ ಕೇಳಿ ಅರ್ಜಿ ಹಾಕಿ, ಉತ್ತರ ಬರದೆ ಮೇಲ್ಮನವಿ ಹೋದಾಗ ಕೊನೆಗೆ ನಿಮ್ಮ ಮಾತು ಕೇಳುವವರು ಆ ಆಯುಕ್ತರೇ ಅಲ್ವಾ?

ಆಡಳಿತದ ಕಡೆಯ ನಷ್ಟವನ್ನು ನಾನೇ ನೋಡಿದ್ದೇನೆ. ಹಿಂದೊಮ್ಮೆ ನಾಯಕತ್ವ ಬದಲಾವಣೆಯ ಗದ್ದಲ ನಡೆಯುತ್ತಿದ್ದ ವಾರದಲ್ಲಿ ಒಂದು ತಾಲ್ಲೂಕು ಕಚೇರಿಗೆ ಹೋಗಿದ್ದೆ. ವಯಸ್ಸಾದ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ವಿಧವಾ ವೇತನದ ಕಾಗದ ಹಿಡಿದು ಬಾಗಿಲ ಪಕ್ಕ ಕೂತಿದ್ದರು. ಗುಮಾಸ್ತರು ತಲೆ ಎತ್ತದೆ, ‘ಸಾಹೇಬ್ರ ವರ್ಗಾವಣೆ ಆಗುತ್ತೋ ಇಲ್ಲಿರ್ತಾರೋ ಗೊತ್ತಿಲ್ಲಮ್ಮ, ಮೇಲೆ ಯಾರು ಅಂತ ಆಗ್ಲಿ, ಆಮೇಲೆ ಬನ್ನಿ’ ಅಂದರು. ಆಕೆಗೆ ‘ಮೇಲೆ’ ಅಂದರೆ ಏನು ಅಂತ ಅರ್ಥವಾಗಲಿಲ್ಲ. ಕವರನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದರು.

ಪ್ರಶ್ನೆ: ನಮ್ಮ ಶಾಸಕರು ನಾಯಕನ ಆಯ್ಕೆಯಲ್ಲಿ ಯಾರ ಹೆಸರು ಬರೆದರು ಅಂತ ಕೇಳುವ ಹಕ್ಕು ನಮಗಿದೆಯಾ? (ಓದುಗರು, ಸಿಂಧನೂರು)

ಹೇಳಲೇಬೇಕು ಅನ್ನುವ ಕಾನೂನು ಇಲ್ಲ. ಕೇಳಬಾರದು ಅನ್ನುವ ಕಾನೂನೂ ಇಲ್ಲ. ಮುಂದಿನ ಸಲ ಅವರು ಊರಿಗೆ ಬಂದಾಗ ಕೇಳಿ, ಯಾಕೆ ಆ ಹೆಸರು ಅಂತಲೂ ಕೇಳಿ. ಏನು ಉತ್ತರ ಕೊಟ್ಟರು ಅಂತ ನಮಗೂ ಬರೆದು ಕಳಿಸಿ, ಈ ಪುಟದಲ್ಲೇ ಹಾಕುತ್ತೇವೆ.