ಹುಡುಗರ ಗುಂಪು ಕಟ್ಟಿ, ಆದರೆ ಮಾತ್ರೆ ಮಾರುವವರನ್ನು ಹಿಡಿಸುವುದಕ್ಕಲ್ಲ

ನಿಮ್ಮ ತಾಲೂಕಿನಲ್ಲಿ ಹುಡುಗರು ನೋವಿನ ಮಾತ್ರೆಯನ್ನು ನಶೆಗೆ ಬಳಸುತ್ತಿದ್ದಾರೆ. ಯುವಕ ಸಂಘದಿಂದ ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ಜಾಥಾ ಮಾಡಿ, ಕಾಲೇಜು ಹುಡುಗರ ಕಾವಲು ಪಡೆ ಕಟ್ಟಿ, ಮಾರುವವರ ಸುಳಿವನ್ನು ಪೊಲೀಸರಿಗೆ ಕೊಡಿಸಬೇಕು ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಇದನ್ನೇ ಕೇಳುತ್ತಿದ್ದೆ. ಈಗ ಹೇಳುವುದಾದರೆ, ಜಾಥಾ ಬೇಕಿದ್ದರೆ ಮಾಡಿ, ಕಾವಲು ಪಡೆ ಮಾತ್ರ ಬೇಡವೇ ಬೇಡ.

ಹುಡುಗರನ್ನು ಸುಳಿವು ಕೊಡುವವರನ್ನಾಗಿ ಮಾಡಿದ ದಿನವೇ ಅವರು ನಿಮಗೆ ಉಪಯೋಗಕ್ಕೆ ಬಾರದವರಾಗುತ್ತಾರೆ. ಯಾರು ತಗೊಳ್ಳುತ್ತಿದ್ದಾರೆ, ಯಾವ ಹೊತ್ತಿಗೆ, ಎಲ್ಲಿ ಎನ್ನುವುದು ಅವರಿಗೆ ಗೊತ್ತಿರುವುದು ಅವರು ಗೆಳೆಯರು ಅನ್ನುವ ಒಂದೇ ಕಾರಣಕ್ಕೆ. ಸುದ್ದಿ ಸ್ಟೇಷನ್ನಿಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಇನ್ನೊಂದು ವಿಷಯ: ಈ ಮಾತ್ರೆಯಲ್ಲಿ ಮಾರುವವನು ಬೇರೆ, ತಗೊಳ್ಳುವವನು ಬೇರೆ ಅಂತ ಗೆರೆ ಎಳೆಯಲು ಬರುವುದಿಲ್ಲ. ಎರಡು ಸ್ಟ್ರಿಪ್ ತಂದು ಒಂದನ್ನು ಗೆಳೆಯನಿಗೆ ಕೊಟ್ಟು, ಆ ದುಡ್ಡಲ್ಲಿ ತನ್ನದನ್ನು ಹೊಂದಿಸಿಕೊಳ್ಳುವ ಹುಡುಗನೇ ಕೆಳಹಂತದ ಮಾರಾಟಗಾರ. ಇಂಥ ನೋವಿನ ಮಾತ್ರೆಗಳಲ್ಲಿ ಒಂದಾದ ಟ್ರಮಡಾಲ್ 2018ರಿಂದ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯೊಳಗಿದೆ. ನಿಮ್ಮ ಸುಳಿವಿನಿಂದ ಮೊದಲು ಸಿಕ್ಕಿಬೀಳುವವನು ಅವನೇ, ಸರಬರಾಜು ಮಾಡುವವನಲ್ಲ. ಸ್ಥಳದಲ್ಲಿ ನಿಂತಿದ್ದ ನಿಮ್ಮ ಕಾರ್ಯಕರ್ತನನ್ನು ಮಹಜರಿಗೆ ಪಂಚನಾಗಿ ಕರೆದರೆ, ಆಮೇಲೆ ಅವನು ಕೋರ್ಟಿಗೂ ಸಾಕ್ಷಿ ಹೇಳಲು ಹೋಗಬೇಕು. ಊರಿಗೆಲ್ಲ ಅವನ ಹೆಸರು ಗೊತ್ತಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮಾತ್ರೆ ಹೆಚ್ಚಾಗಿ ಒಬ್ಬ ಬಿದ್ದಾಗ ಪೊಲೀಸರ ಭಯಕ್ಕೆ ಉಳಿದವರು ಓಡಿಹೋಗುತ್ತಾರೆ, 108ಕ್ಕೆ ಫೋನ್ ಮಾಡುವವರೇ ಇರುವುದಿಲ್ಲ. ಜೀವ ಹೋಗುವುದು ಅಲ್ಲಿ.

ಜಾಥಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ತಡೆಗಟ್ಟುವಿಕೆಯ ಮಾನದಂಡಗಳಲ್ಲಿ ಸ್ಪಷ್ಟವಾಗಿದೆ: ಬರೀ ಭಾಷಣ, ಹೆದರಿಸುವುದು, ನಶೆ ಬಿಟ್ಟವರನ್ನು ವೇದಿಕೆ ಹತ್ತಿಸಿ ಕಥೆ ಹೇಳಿಸುವುದು, ಇವುಗಳಿಂದ ಫಲವಿಲ್ಲ, ಕೆಲವೊಮ್ಮೆ ಕೆಡುಕೂ ಆಗುತ್ತದೆ. ಬ್ಯಾನರಿನಲ್ಲಿ ಮಾತ್ರೆಯ ಹೆಸರು, ಸ್ಟ್ರಿಪ್ಪಿನ ಫೋಟೊ ಹಾಕಿಸಬೇಡಿ. ಗೊತ್ತಿಲ್ಲದವರಿಗೆ ನೀವೇ ಗೊತ್ತುಮಾಡಿದ ಹಾಗಾಗುತ್ತದೆ.

ಹಾಗಾದರೆ ಹುಡುಗರಿಗೆ ಏನು ಕೆಲಸ? ದೊಡ್ಡವರಿಂದ ಆಗದ ಕೆಲಸ ಕೊಡಿ. ಹತ್ತು ಹನ್ನೆರಡು ಜನ ಸಾಕು, 16ರಿಂದ 22 ವಯಸ್ಸಿನವರು. ಕ್ಲಾಸಿಗೆ ಫಸ್ಟ್ ಬರುವವರನ್ನೇ ಆರಿಸಿದರೆ ಕೆಲಸ ಅಲ್ಲಿಗೇ ಮುಗಿಯಿತು. ಐಟಿಐ ಹುಡುಗರು, ಗ್ಯಾರೇಜಿನವರು, ಪಿಯುಸಿ ಬಿಟ್ಟವರು, ಹುಡುಗಿಯರು ಎಲ್ಲರೂ ಇರಲಿ. ಈಗ ಮಾತ್ರೆ ತಗೊಳ್ಳುತ್ತಿರುವವರನ್ನು ಮಾತ್ರ ಒಟ್ಟುಗೂಡಿಸಿ ಒಂದು ಗುಂಪು ಮಾಡಬೇಡಿ, ಒಬ್ಬರಿಂದ ಒಬ್ಬರಿಗೆ ಚಟ ಗಟ್ಟಿಯಾಗುತ್ತದೆ. 18 ತುಂಬದವರ ಮನೆಯಿಂದ ಲಿಖಿತ ಒಪ್ಪಿಗೆ ತನ್ನಿ. ಜೊತೆಗೆ ಇಬ್ಬರು ದೊಡ್ಡವರು ಇರಲಿ, ಒಬ್ಬರು ಆಶಾ ಕಾರ್ಯಕರ್ತೆಯಾದರೆ ಒಳ್ಳೆಯದು. ಬಸ್ ಚಾರ್ಜು, ಚಹಾ ಖರ್ಚು ಸಂಘವೇ ಕೊಡಬೇಕು. ಸಣ್ಣದಾದರೂ ಒಂದು ಮೊತ್ತವನ್ನು ಹುಡುಗರ ಕೈಗೇ ಕೊಟ್ಟು, ಎಲ್ಲಿ ಖರ್ಚು ಮಾಡಬೇಕೆಂದು ಅವರೇ ತೀರ್ಮಾನಿಸಲಿ. ತೀರ್ಮಾನ ನಿಮ್ಮದು, ಕುರ್ಚಿ ಹಾಕುವುದು ಅವರದು ಅಂತಾದರೆ ಎರಡನೇ ತಿಂಗಳಿಗೆ ಯಾರೂ ಬರುವುದಿಲ್ಲ.

ಮೊದಲ ಕೆಲಸ ನಕ್ಷೆ. ಹಗಲು ಹೊತ್ತಿನಲ್ಲಿ, ಮೂವರು ಮೂವರಾಗಿ ಊರು ಸುತ್ತಿ ಖಾಲಿ ಸ್ಟ್ರಿಪ್, ಸಿರಿಂಜ್ ಬಿದ್ದ ಜಾಗ, ಬೀದಿದೀಪ ಇಲ್ಲದ ಜಾಗ, ಸಂಜೆ ಹುಡುಗರಿಗೆ ಕೂರಲು ಬೇರೆಲ್ಲೂ ಜಾಗವಿಲ್ಲದ ಕಡೆ ಗುರುತು ಹಾಕಲಿ. ಮನುಷ್ಯರ ಹೆಸರು, ಅಂಗಡಿಯ ಹೆಸರು ಬರೆಯಕೂಡದು. ಫೋಟೊ ಬೇಡ. ಸೂಜಿ ಮುಟ್ಟಬಾರದು, ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ತಿಳಿಸಿದರೆ ಅವರ ಸಿಬ್ಬಂದಿ ಚಿಮಟದಲ್ಲಿ ಎತ್ತಿ ಗಟ್ಟಿ ಡಬ್ಬಿಗೆ ಹಾಕಲಿ. ದೀಪ, ಆಟದ ಮೈದಾನ, ಸಂಜೆ ತೆರೆದಿರುವ ಲೈಬ್ರರಿ ಬೇಕು ಅಂತ ಪುರಸಭೆಗೆ ಕೊಡುವ ಮನವಿಗೆ ಇದೇ ನಕ್ಷೆ ಆಧಾರ.

ಎರಡನೆಯದು ಪ್ರಥಮ ಚಿಕಿತ್ಸೆ. ತಾಲೂಕು ಆಸ್ಪತ್ರೆಯ ವೈದ್ಯರನ್ನೋ ನರ್ಸನ್ನೋ ಕರೆದು ಒಂದೂವರೆ ಗಂಟೆ ಕೈಯಿಂದ ಮಾಡಿಸಿ ಕಲಿಸಿ. ಅಫೀಮಿನಂತೆ ಕೆಲಸ ಮಾಡುವ ಈ ನೋವಿನ ಮಾತ್ರೆ ಹೆಚ್ಚಾದರೆ ಕಣ್ಣಿನ ಪಾಪೆ ಗುಂಡುಪಿನ್ನಿನ ತಲೆಯಷ್ಟಾಗುತ್ತದೆ, ಉಸಿರು ನಿಧಾನವಾಗಿ ಗೊರಗೊರ ಸದ್ದು ಬರುತ್ತದೆ, ತುಟಿ ಉಗುರು ನೀಲಿಯಾಗುತ್ತವೆ, ಕರೆದರೆ ಏಳುವುದಿಲ್ಲ. ಟ್ರಮಡಾಲ್, ಅದೇ ಬಗೆಯ ಟಪೆಂಟಡಾಲ್‌ಗಳಲ್ಲಿ ಫಿಟ್ಸ್ ಕೂಡ ಬರಬಹುದು. ಮದ್ಯ ಅಥವಾ ನಿದ್ದೆಮಾತ್ರೆ ಸೇರಿದ್ದರೆ ಅಪಾಯ ಇನ್ನೂ ಹೆಚ್ಚು. 108ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಉಸಿರು ನಿಲ್ಲುತ್ತಿದ್ದರೆ ಐದು ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ಕೊಡಬೇಕು. ಉಪ್ಪುನೀರು, ನಿಂಬೆಹಣ್ಣು, ಮಜ್ಜಿಗೆ ಏನನ್ನೂ ಬಾಯಿಗೆ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆಯ ಪರಿಣಾಮ ತಡೆಯಲು ಆಸ್ಪತ್ರೆಯಲ್ಲಿ ಕೊಡುವ ನಲಾಕ್ಸೋನ್ ಇಂಜೆಕ್ಷನ್ನಿನ ಪರಿಣಾಮ 30ರಿಂದ 90 ನಿಮಿಷ ಮಾತ್ರ. ಎದ್ದು ಕೂತ ಅಂತ ಮನೆಗೆ ಕರೆತಂದರೆ ಮತ್ತೆ ಉಸಿರು ಕುಸಿಯಬಹುದು.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಆಸ್ಪತ್ರೆಗೆ ಜೊತೆಗೆ ಹೋಗುವುದು. ಬಿಡಬೇಕೆಂದುಕೊಂಡ ಹುಡುಗ ಮಾತ್ರೆ ನಿಲ್ಲಿಸಿದ ದಿನವೇ ಮೈಕೈ ನೋವು, ಮೂಗು ಸೋರುವುದು, ಬೇಧಿ, ನಿದ್ದೆ ಇಲ್ಲದಿರುವುದು ಶುರುವಾಗಿ, ಎರಡು ಮೂರನೇ ದಿನಕ್ಕೆ ತಡೆಯಲಾರದೆ ಮತ್ತೆ ಮಾತ್ರೆಗೆ ಹೋಗುತ್ತಾನೆ. ಮನೆಯವರು ಅದನ್ನು ಛಲವಿಲ್ಲ ಅಂದುಕೊಳ್ಳುತ್ತಾರೆ. ಅದಕ್ಕೆ ಔಷಧಿ ಇದೆ ಅಂತ ಹೇಳಿ ಜೊತೆಗೆ ಹೋಗುವ ಗೆಳೆಯ ಬೇಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಎರಡನ್ನೂ ಎಲ್ಲರ ಫೋನಿನಲ್ಲೂ ಸೇವ್ ಮಾಡಿಸಿ. ಕೇಸಿಗೆ ಹೆದರುವವರಿಗೆ ತಿಳಿಸಿ: ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಎನ್‌ಡಿಪಿಎಸ್ 64ಎ ಕಲಂ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಸ್ವಲ್ಪ ಕಾಲ ಬಿಟ್ಟಿದ್ದವನು ಮತ್ತೆ ಹಳೇ ಪ್ರಮಾಣವನ್ನೇ ತಗೊಂಡರೆ ದೇಹ ತಾಳುವುದಿಲ್ಲ, ಸಾವಿನ ಅಪಾಯ ಆಗ ತುಂಬಾ ಹೆಚ್ಚು. ಈ ಮಾತನ್ನು ಮನೆಯವರಿಗೂ ಬಿಡಿಸಿ ಹೇಳಬೇಕು.

ಮನೆಗಳಿಂದ ಹಳೇ ಮಾತ್ರೆ ಸಂಗ್ರಹಿಸುವ ಅಭಿಯಾನವನ್ನು ಹುಡುಗರ ಕೈಲಿ ಮಾಡಿಸಬೇಡಿ. ಟ್ರಮಡಾಲ್ ಸ್ಟ್ರಿಪ್‌ಗಳ ಚೀಲ ಹಿಡಿದು ನಿಂತವನೇ ಆರೋಪಿಯಾಗುತ್ತಾನೆ. ಆಪರೇಷನ್ ಆದ ಮೇಲೆ ಉಳಿದ ಇಂಥ ಮಾತ್ರೆಯನ್ನು ಮನೆಯವರೇ ಶೌಚಾಲಯಕ್ಕೆ ಹಾಕಿ ನೀರು ಬಿಡಲಿ.

ವೈದ್ಯರ ಚೀಟಿ ಇಲ್ಲದೆ ಮಾರುವ ಮೆಡಿಕಲ್ ಶಾಪಿನ ವಿಷಯ ಪೂರ್ತಿ ದೊಡ್ಡವರದು. ಸಂಘದ ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷರ ಸಹಿಯೊಂದಿಗೆ, ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಟ್ರಮಡಾಲ್‌ನಂಥ ಶೆಡ್ಯೂಲ್ ಎಚ್1 (ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಯ) ಔಷಧಿ ಮಾರಿದರೆ ಅಂಗಡಿಯವರು ರೋಗಿ, ವೈದ್ಯರು, ಪ್ರಮಾಣ ಮೂರನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆ ರಿಜಿಸ್ಟರನ್ನು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ ಅಂತ ದೂರಿನಲ್ಲೇ ಬರೆಯಿರಿ. ಹುಡುಗರ ಹೆಸರು ಅದರಲ್ಲಿ ಎಲ್ಲೂ ಬರಬಾರದು.