ಕಣ್ಣು ಕೆಂಪಾಯಿತೇ? ಯಾವಾಗ, ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಒಂದೇ ದೂರು. ಲ್ಯಾಶ್ ಎಕ್ಸ್‌ಟೆನ್ಷನ್ (ರೆಪ್ಪೆಗೂದಲಿಗೆ ಗ್ಲೂವಿನಿಂದ ಕೃತಕ ಕೂದಲು ಅಂಟಿಸುವುದು) ಮಾಡಿಸಿಕೊಂಡು ಹೋದವರ ಕಣ್ಣುರಿ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಉಳಿದವರು ಅದನ್ನೂ ಓದಿಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಪಾರ್ಲರಿನಲ್ಲಿ ಲ್ಯಾಶ್ ಕೆಲಸ ಶುರು ಮಾಡಿ ಎಂಟು ತಿಂಗಳಾಯಿತು. ಹೋದ ವಾರ ಒಬ್ಬ ಕ್ಲೈಂಟ್ ಎದ್ದು ಕೂತ ಕೂಡಲೇ ಕಣ್ಣು ಉರಿ ಎಂದರು. ರಾತ್ರಿ ಫೋಟೋ ಕಳಿಸಿದರು, ಕಣ್ಣು ಕೆಂಡದ ಹಾಗಿತ್ತು. "ನಿಮ್ಮ ಗ್ಲೂ ಸರಿ ಇಲ್ಲ, ಈಗಲೇ ತೆಗೀರಿ, ದುಡ್ಡು ವಾಪಸ್ ಕೊಡಿ" ಎಂದರು. ಗಾಬರಿಯಾಗಿ ಕರೆಸಿ ಎಲ್ಲ ತೆಗೆದೆ. ಉರಿ ಇನ್ನೂ ಜಾಸ್ತಿ ಆಯಿತು. ಮೂರೇ ದಿನಕ್ಕೆ ಇನ್ನೊಬ್ಬರಿಗೂ ಹಾಗೇ ಆಗಿದೆ. ಗ್ಲೂ ಬದಲಾಯಿಸಲೇ?

ಉತ್ತರ: ಬಾಟಲಿ ಎಸೆಯಬೇಡಿ, ಸ್ವಲ್ಪ ತಡೆಯಿರಿ. ಮೊದಲು ಎರಡು ಮಾತು ಕೇಳಿಕೊಳ್ಳಿ. ಉರಿ ಯಾವಾಗ ಶುರುವಾಯಿತು? ಕೆಂಪು ಎಲ್ಲಿದೆ, ಕಣ್ಣಿನ ಬಿಳಿಯಲ್ಲೋ, ರೆಪ್ಪೆಯ ಚರ್ಮದಲ್ಲೋ? ಮೊದಲನೆಯದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ: ಎದ್ದು ಕೂತ ಕೂಡಲೇ. ಎರಡನೆಯದು ಇಲ್ಲ. ಆ ಫೋಟೋ ಇನ್ನೂ ಫೋನಿನಲ್ಲಿದ್ದರೆ ದೊಡ್ಡದು ಮಾಡಿ ನೋಡಿ.

ನಾನೂ ಬಾಟಲಿ ಎಸೆದವಳೇ. ಮೊದಲ ವರ್ಷ ಒಂದೇ ತಿಂಗಳಲ್ಲಿ ಮೂರು ಗ್ಲೂ ಬದಲಾಯಿಸಿದ್ದೆ. ಬಂದವರೆಲ್ಲ ಕಣ್ಣು ಕೆಂಪು ಮಾಡಿಕೊಂಡೇ ಹೋಗುತ್ತಿದ್ದರು. ಕೊನೆಗೆ ನನಗೆ ಕೆಲಸ ಕಲಿಸಿದ ಮೇಡಂ ಬಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಕೆಲಸ ಮುಗಿಯುವವರೆಗೂ ಒಂದು ಮಾತಿಲ್ಲ. ಕ್ಲೈಂಟ್ ಕಣ್ಣು ಬಿಟ್ಟಾಗ "ಮೇಲೆ ನೋಡಮ್ಮ" ಎಂದು ಟಾರ್ಚ್ ಹಿಡಿದರು. ಕಪ್ಪು ಗುಡ್ಡೆಯ ಕೆಳಗೆ, ಬಿಳಿಯ ಮೇಲೆ, ದಾರ ಎಳೆದ ಹಾಗೆ ಒಂದು ಕೆಂಪು ಗೆರೆ. ಸ್ವಲ್ಪ ಬಾಗಿತ್ತು. ಕೆಲಸದ ಹೊತ್ತಿಗೆ ಕೆಳರೆಪ್ಪೆಯ ಮೇಲೆ ಅಂಟಿಸುತ್ತೇವಲ್ಲ, ಆ ಜೆಲ್ ಪ್ಯಾಡ್ ಟ್ರೇಯಲ್ಲಿ ಬಿದ್ದಿತ್ತು. ಮೇಡಂ ಅದನ್ನು ಎತ್ತಿ ಅದರ ಅಂಚನ್ನು ನನಗೆ ತೋರಿಸಿದರು. ಅದೇ ಬಾಗು. ಒಂದೂವರೆ ಗಂಟೆ ಆ ಅಂಚು ಕಣ್ಣಿನ ಬಿಳಿಗೆ ಒತ್ತಿಕೊಂಡು ಕೂತಿತ್ತು. ಮೂರು ಬಾಟಲಿ ದಂಡ.

ಪ್ಯಾಡ್ ಹಾಕುವಾಗ ಸರಿಯಾಗೇ ಇರುತ್ತದೆ, ಅದೇ ಇದರ ತಮಾಷೆ. ಮೈ ಬಿಸಿಗೆ ಮೆತ್ತಗಾಗಿ ಆಮೇಲೆ ಜಾರುತ್ತದೆ. ಕ್ಲೈಂಟ್ ನಕ್ಕರೆ ಕೆನ್ನೆ ಅದನ್ನು ಮೇಲೆ ತಳ್ಳುತ್ತದೆ. ಮುಖದಲ್ಲಿ ಎಣ್ಣೆ ಅಂಶ ಇದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಪ್ಯಾಡ್ ಅಂಟಿಸಿದ ಮೇಲೆ ಕೆಲಸ ಶುರು ಮಾಡುವ ಮುಂಚೆ ಒಮ್ಮೆ ಕಣ್ಣು ಬಿಡಿಸಿ, ಮೇಲೆ ಕೆಳಗೆ ನೋಡಿಸಿ. "ಏನಾದರೂ ಚುಚ್ಚುತ್ತಿದೆಯಾ?" ಎಂದು ಕೇಳಿ. ಹಚ್ಚಲು ಶುರು ಮಾಡಿದ ಮೇಲೆ ಕಣ್ಣು ಬಿಡಿಸುವ ಹಾಗಿಲ್ಲ. ಆಗ ಪ್ರತಿ ಹದಿನೈದು ನಿಮಿಷಕ್ಕೆ ನೀವೇ ಬಗ್ಗಿ ಅಂಚು ಎಲ್ಲಿದೆ ನೋಡಬೇಕು. ಟೇಪ್ ಹಾಕುವವರಿಗೂ ಇದೇ ಮಾತು. ಕೆಳರೆಪ್ಪೆಯನ್ನು ಬಿಗಿಯಾಗಿ ಎಳೆದು ಅಂಟಿಸಿದರೆ ಕಣ್ಣು ಮುಚ್ಚಿದ್ದರೂ ಸಣ್ಣ ಸಂದು ಉಳಿದುಬಿಡುತ್ತದೆ.

ಆ ಸಂದು ಇನ್ನೊಂದು ದೊಡ್ಡ ಕಾರಣ. ಕೆಲವರಿಗೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ನೀವು ತಲೆಯ ಹಿಂದೆ ಕೂತು ಕೆಲಸ ಮಾಡುವುದರಿಂದ ಅದು ಕಾಣಿಸುವುದಿಲ್ಲ. ಎದ್ದು ಕ್ಲೈಂಟಿನ ಸೊಂಟದ ಪಕ್ಕ ನಿಂತು, ಬಗ್ಗಿ, ಕೆಳಗಿನಿಂದ ನೋಡಿ. ರೆಪ್ಪೆಗಳ ನಡುವೆ ಬಿಳಿ ಮಿಂಚಿದರೆ ಪ್ಯಾಡ್ ತೆಗೆದು ಮತ್ತೆ ಹಾಕಿ.

ಯಾಕೆಂದರೆ ನಮ್ಮ ಗ್ಲೂ ಒಣಗುವ ಗ್ಲೂ ಅಲ್ಲ. ಅದು ಸಯನೋಅಕ್ರಿಲೇಟ್, ಮನೆಯಲ್ಲಿ ಮುರಿದ ಕಪ್ಪಿನ ಹಿಡಿ ಅಂಟಿಸುವ ಸೂಪರ್ ಗ್ಲೂವಿನ ಜಾತಿಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬೇರೇನನ್ನೋ ಹುಡುಕುವಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಆಗ ಬದಿಗಿಟ್ಟರಂತೆ! ಇದು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವವರೆಗೆ ಸ್ವಲ್ಪ ಅಂಶ ಆವಿಯಾಗಿ ಹಾರುತ್ತಿರುತ್ತದೆ. ಮೂಗಿಗೆ ಬಡಿಯುವ ಘಾಟು ಅದೇ. ತೇವ ಎಲ್ಲಿದೆಯೋ ಅಲ್ಲಿ ಅದರ ಉಪದ್ರವ. ಮುಖದಲ್ಲಿ ಕಣ್ಣಿಗಿಂತ ತೇವದ ಜಾಗ ಯಾವುದಿದೆ ಹೇಳಿ? ಸಂದು ಸಿಕ್ಕರೆ ಘಾಟು ನೇರ ಕಣ್ಣಿಗೇ ಇಳಿಯುತ್ತದೆ. ಆಗ ಬಿಳಿಯೆಲ್ಲ ಒಂದೇ ಸಮ ಕೆಂಪಾಗುತ್ತದೆ, ನೀರು ಸುರಿಯುತ್ತದೆ. ಗೆರೆ ಇದ್ದರೆ ಪ್ಯಾಡ್ ನೋಡಿ, ಇಡೀ ಬಿಳಿ ಕೆಂಪಾಗಿದ್ದರೆ ಘಾಟು ನೋಡಿ.

ಘಾಟು ಜಾಸ್ತಿ ಆಗುವುದಕ್ಕೆ ನಮ್ಮ ಕೈಯೂ ಕಾರಣ. ಕೂದಲ ಬುಡದಲ್ಲಿ ಗುಂಡು ಕಟ್ಟುವಷ್ಟು ಗ್ಲೂ ತೆಗೆದುಕೊಂಡರೆ ಅದು ಬೇಗ ಗಟ್ಟಿಯಾಗುವುದಿಲ್ಲ. ಕೋಣೆಯ ಗಾಳಿ ತೀರಾ ಒಣಗಿದ್ದರೂ ಹಾಗೇ. ಬಾಟಲಿಯ ಮೇಲೆ ಇಷ್ಟು ಶೇಕಡಾ ತೇವ ಬೇಕು ಎಂದು ಬರೆದಿರುತ್ತಾರಲ್ಲ, ಅದನ್ನು ಓದಿ. ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಮಂಚದ ಪಕ್ಕ ಇಡಿ. ಗೋಡೆಯ ಮೇಲೆ ಇಟ್ಟರೆ ಅದು ಗೋಡೆಯ ತೇವ ಹೇಳುತ್ತದೆ. ಹಚ್ಚುವಾಗ ರೆಪ್ಪೆಯ ಚರ್ಮದಿಂದ ಅರ್ಧದಿಂದ ಒಂದು ಮಿಲಿಮೀಟರ್ ಜಾಗ ಬಿಡಿ. ಮುಗಿದ ಮೇಲೆ ಕೈ ಫ್ಯಾನಿನಿಂದ ಎರಡು ಮೂರು ನಿಮಿಷ ಗಾಳಿ ಹಾಕಿ, ಆಮೇಲೆ ಕಣ್ಣು ಬಿಡಿ ಎನ್ನಿ. ಪೂರ್ತಿ ಎರಡು ಮೂರು ನಿಮಿಷ. ನಾವು ಕೊನೆಯಲ್ಲಿ ಆತುರ ಮಾಡುವುದೇ ಜಾಸ್ತಿ, ಅಲ್ವಾ?

ಈಗ ನೀವು ಮಾಡಿದ ತಪ್ಪಿಗೆ ಬರುತ್ತೇನೆ. ಉರಿಯುತ್ತಿರುವ ಕಣ್ಣಿನ ಪಕ್ಕ ರಿಮೂವರ್ ತರಬಾರದಿತ್ತು. ಗ್ಲೂ ಕರಗಿಸುವ ದ್ರಾವಣಕ್ಕೂ ತನ್ನದೇ ಘಾಟು ಇದೆ. ಅದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಬರೀ ಘಾಟಿನ ಉರಿಯಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಶುದ್ಧ ನೀರಿನಿಂದಲೋ, ಸ್ಟೆರೈಲ್ ಸಲೈನ್‌ನಿಂದಲೋ ಕಣ್ಣು ತೊಳೆಯಲು ಹೇಳಿ. ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ತಣ್ಣೀರಿನ ಬಟ್ಟೆ ಇಡಲಿ. ಉಜ್ಜುವುದು ಬೇಡ, ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕಾಡಿಗೆ ಬೇಡ.

ಡ್ರಾಪ್ಸ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಾವು ರೆಪ್ಪೆಗೂದಲು ಹಚ್ಚುವವರು, ಔಷಧಿ ಹೇಳುವವರಲ್ಲ. ಮನೆಯಲ್ಲಿ ಯಾರಿಗೋ ಕೊಟ್ಟು ಉಳಿದ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಕೆಂಪು ಮಾಯವಾಗಬಹುದು. ಆದರೆ ಕಣ್ಣಿನೊಳಗೆ ಒತ್ತಡ ಏರಬಹುದು, ಒಳಗೆ ಸೋಂಕಿದ್ದರೆ ಅದು ಹಬ್ಬಬಹುದು. ಕೆಂಪು ಹೋಗಿಸುವ ಡ್ರಾಪ್ಸ್ ಪದೇ ಪದೇ ಹಾಕಿದರೆ ಬಿಟ್ಟ ಕೂಡಲೇ ಕೆಂಪು ಮತ್ತೆ ಬರುತ್ತದೆ. ನೋವು ಜೋರಾಗಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ, ಹಳದಿ ಗೀಜು ಬಂದರೆ, ಒಂದು ದಿನ ಕಳೆದರೂ ಇಳಿಯುವ ಸೂಚನೆಯೇ ಇಲ್ಲದಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿ. ಗ್ಲೂ ಹನಿಯೇ ಕಣ್ಣಿಗೆ ಬಿದ್ದಿದ್ದರೆ ಇದೆಲ್ಲ ಕಾಯುವ ಹಾಗಿಲ್ಲ. ರೆಪ್ಪೆ ಅಂಟಿಕೊಂಡರೂ ಬಲವಂತವಾಗಿ ಬಿಡಿಸಬೇಡಿ, ರಿಮೂವರ್ ಮುಟ್ಟಬೇಡಿ. ಉಗುರುಬೆಚ್ಚಗಿನ ನೀರು ಹದಿನೈದು ನಿಮಿಷ ಹರಿಸಿ, ನೇರ ಆಸ್ಪತ್ರೆ. ಗ್ಲೂ ಬಾಟಲಿಯನ್ನೂ ಜೊತೆಗೆ ಕೊಟ್ಟು ಕಳಿಸಿ.

ಫೋನಿನಲ್ಲಿ ಏನು ಹೇಳುವುದು? "ಎಲ್ಲರಿಗೂ ಹೀಗೇ ಆಗುತ್ತೆ, ಸರಿ ಹೋಗುತ್ತೆ" ಎಂದು ಮಾತ್ರ ಹೇಳಬೇಡಿ. ನೋಡದೆ "ಗ್ಲೂ ಕೆಟ್ಟಿತ್ತು" ಎಂದು ಒಪ್ಪಿಕೊಳ್ಳುವುದೂ ಬೇಡ. "ಯಾವಾಗಿಂದ ಉರಿ? ಕನ್ನಡಿಯಲ್ಲಿ ಮೇಲೆ ನೋಡಿ, ಗೆರೆ ಥರ ಕಾಣಿಸುತ್ತಾ? ನಾನು ರಾತ್ರಿ ಒಂಬತ್ತಕ್ಕೆ ಮತ್ತೆ ಫೋನ್ ಮಾಡ್ತೀನಿ" ಎನ್ನಿ. ಒಂಬತ್ತಕ್ಕೆ ಮಾಡಿ. ಅರ್ಧ ಜಗಳ ಅಲ್ಲೇ ಕರಗುತ್ತದೆ. ಇನ್ನು ದುಡ್ಡು. ಗೆರೆ ನನ್ನ ಪ್ಯಾಡಿನದಾದರೆ ನಾನು ವಾಪಸ್ ಕೊಡುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಎರಡು ವರ್ಷದಿಂದ ಒಬ್ಬರ ಹತ್ತಿರವೇ ಎಕ್ಸ್‌ಟೆನ್ಷನ್ ಮಾಡಿಸುತ್ತೇನೆ. ಒಂದು ದಿನವೂ ತೊಂದರೆ ಆಗಿರಲಿಲ್ಲ. ಈ ಸಲ ಮಾಡಿಸಿದ ಮೂರನೇ ಬೆಳಿಗ್ಗೆ ರೆಪ್ಪೆಗಳು ಊದಿಕೊಂಡು ವಿಪರೀತ ತುರಿಕೆ. ಕಣ್ಣಿನೊಳಗೆ ಕೆಂಪಿಲ್ಲ. ಹಿಂದಿನ ರೀಫಿಲ್ (ಉದುರಿದ ಕಡೆ ಮತ್ತೆ ಹಚ್ಚುವುದು) ಆದಾಗಲೂ ಸ್ವಲ್ಪ ತುರಿಸಿತ್ತು, ಸುಮ್ನೆ ಬಿಟ್ಟಿದ್ದೆ. ಸೆನ್ಸಿಟಿವ್ ಗ್ಲೂ ಹಾಕಿಸಿದರೆ, ಅಥವಾ ಮೊದಲೇ ಒಂದು ಅಲರ್ಜಿ ಮಾತ್ರೆ ನುಂಗಿ ಹೋದರೆ ಆಗುತ್ತಾ?

ಉತ್ತರ: ಇಲ್ಲೂ ಅದೇ ಎರಡು ಮಾತು. ಯಾವಾಗ? ಒಂದೆರಡು ದಿನ ಕಳೆದ ಮೇಲೆ. ಎಲ್ಲಿ? ರೆಪ್ಪೆಯಲ್ಲಿ. ಇದು ನೋಡಿದರೆ ಅಲರ್ಜಿ, ಕಣ್ಣಿನ ಅಥವಾ ಚರ್ಮದ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. 2012ರಲ್ಲಿ ಜಪಾನಿನ ಕಣ್ಣಿನ ವೈದ್ಯರು ಎಕ್ಸ್‌ಟೆನ್ಷನ್‌ನಿಂದ ತೊಂದರೆಯಾಗಿ ಬಂದ 107 ಮಹಿಳೆಯರ ಲೆಕ್ಕ ಪ್ರಕಟಿಸಿದರು. ಅರ್ಧಕ್ಕಿಂತ ಜಾಸ್ತಿ ಜನರಿಗೆ ತೊಂದರೆ ಕಣ್ಣಾಲಿಯಲ್ಲಿತ್ತು. ಉಳಿದವರಲ್ಲಿ ಹೆಚ್ಚಿನವರಿಗೆ ನಿಮ್ಮ ಹಾಗೆ ರೆಪ್ಪೆಯ ಅಲರ್ಜಿ.

ಎರಡು ವರ್ಷ ಸುಮ್ಮನಿದ್ದದ್ದು ಈಗ ಹೇಗೆ ಬಂತು ಎನ್ನುತ್ತೀರಿ. ಈ ಬಗೆಯ ಅಲರ್ಜಿ ಹಾಗೇ ಬರುವುದು. ಮೈ ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿ, ಒಂದು ದಿನ ಇದು ನನಗಾಗದು ಎಂದು ಕಲಿತುಬಿಡುತ್ತದೆ. ಕಲಿತದ್ದನ್ನು ಸುಲಭಕ್ಕೆ ಮರೆಯುವುದಿಲ್ಲ. ಸಾಮಾನ್ಯವಾಗಿ ಮುಂದಿನ ಸಲ ಊತ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. ಸೆನ್ಸಿಟಿವ್ ಎಂದು ಬರೆದ ಗ್ಲೂಗಳಲ್ಲಿ ಹೆಚ್ಚಿನವು ಸಯನೋಅಕ್ರಿಲೇಟೇ, ಘಾಟು ಮಾತ್ರ ಕಡಿಮೆ. ಹಿಂದಿನ ಪತ್ರದ ಕ್ಲೈಂಟಿಗೆ ಅದು ಉಪಯೋಗಕ್ಕೆ ಬರಬಹುದು, ನಿಮಗೆ ಅಷ್ಟಾಗಿ ಬಾರದು. ಮಾತ್ರೆ ನುಂಗಿದರೆ ತುರಿಕೆ ಸ್ವಲ್ಪ ಅಡಗಬಹುದು, ಅಲರ್ಜಿ ಅಡಗುವುದಿಲ್ಲ.

ನನ್ನ ಡಬ್ಬಿಯಲ್ಲಿ ಒಂದು ಹಳೇ ಕ್ಲೈಂಟ್ ಕಾರ್ಡ್ ಇದೆ. "ಸ್ವಲ್ಪ ತುರಿಕೆ" ಎಂದು ನೀಲಿ ಇಂಕಿನಲ್ಲಿ ಬರೆದಿದ್ದೇನೆ. ಅದರ ಕೆಳಗೆ "ಜಾಸ್ತಿ ತುರಿಕೆ". ಮೂರನೇ ಸಲ ಅವರು "ಇದೊಂದು ಸಲ ಹಾಕಿಬಿಡಿ, ಏನಾಗಲ್ಲ" ಎಂದು ಕೈ ಹಿಡಿದುಕೊಂಡರು. ಹಾಕಿದೆ. ಮಾರನೇ ದಿನ ಅವರಿಗೆ ಬೆರಳಿಂದ ರೆಪ್ಪೆ ಎತ್ತಿದರೂ ಕಣ್ಣು ಬಿಡಲಾಗಲಿಲ್ಲ. ಆ ಸಾಲನ್ನು ಕೆಂಪು ಇಂಕಿನಲ್ಲಿ ಬರೆದೆ. ಈಗ ಯಾರು ಗೋಗರೆದರೂ ಎದ್ದು ಹೋಗಿ ಆ ಕಾರ್ಡ್ ತಂದು ಮುಂದಿಡುತ್ತೇನೆ, ಹೆಸರು ಮುಚ್ಚಿ.

ಈಗಿರುವುದನ್ನು ತೆಗೆಸಲೇಬೇಕು. ಊತ ಜೋರಾಗಿದ್ದರೆ ಡಾಕ್ಟರ್ ನೋಡಿ ಸ್ವಲ್ಪ ಇಳಿದ ಮೇಲೆ ತೆಗೆಸಿ. ಕ್ರೀಮ್ ಥರದ ರಿಮೂವರ್ ಇರಲಿ, ಅದು ನೀರಿನ ಹಾಗೆ ಕಣ್ಣಿಗೆ ಹರಿಯುವುದಿಲ್ಲ. ಮನೆಯಲ್ಲಿ ಕಿತ್ತುಕೊಳ್ಳಬೇಡಿ. ನಿಮ್ಮ ಸ್ವಂತ ರೆಪ್ಪೆಗೂದಲು ಬುಡಸಮೇತ ಬರುತ್ತದೆ. ತುಟಿ, ಮುಖ ಊದಿದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು ಬರೆದಿಟ್ಟುಕೊಳ್ಳಿ. ಗಾಯ ಅಂಟಿಸಲು ಆಸ್ಪತ್ರೆಗಳಲ್ಲಿ ಬಳಸುವ ಅಂಟೂ, ಕೃತಕ ಉಗುರು ಅಂಟಿಸುವ ಅಂಟೂ ಇದೇ ಜಾತಿಯವು. ಮುಂದೆ ಯಾವುದಾದರೂ ಆಪರೇಷನ್ ಆಗುವುದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಹೊಸ ಕ್ಲೈಂಟಿಗೆ ಪ್ಯಾಚ್ ಟೆಸ್ಟ್ (ಅಲರ್ಜಿ ಇದೆಯಾ ಎಂದು ಮೊದಲೇ ನೋಡುವುದು) ಕಿವಿಯ ಹಿಂದೆ ಮಾಡಿದರೆ ಸಾಕಾ ಮೇಡಂ?

ಉತ್ತರ: ನನಗೆ ಸಾಲದು. ಎರಡೂ ಕಣ್ಣಿನ ಹೊರ ಮೂಲೆಯಲ್ಲಿ ಮೂರು ನಾಲ್ಕು ಕೂದಲು ಹಚ್ಚಿ, ಎರಡು ದಿನ ಕಾಯುತ್ತೇನೆ. ಪ್ಯಾಡ್, ಟೇಪ್, ಗ್ಲೂ ಹಿಡಿಯಲೆಂದು ಮೊದಲು ಸವರುವ ಪ್ರೈಮರ್ ಎಲ್ಲ ಅವತ್ತೇ ಬಳಸುತ್ತೇನೆ. ಟೇಪಿನ ಅಂಟಿಗೇ ಅಲರ್ಜಿ ಇರುವವರೂ ಸಿಗುತ್ತಾರೆ. ಟೆಸ್ಟ್ ಪಾಸಾದರೂ ಮುಂದೆ ಅಲರ್ಜಿ ಬರುವುದೇ ಇಲ್ಲ ಎಂದಲ್ಲ, ಮೇಲಿನ ಪತ್ರ ನೋಡಿ.

ಪ್ರಶ್ನೆ: ನೀರು ತಾಗಿಸಬೇಡಿ ಎಂದಿದ್ದಕ್ಕೆ ನನ್ನ ಕ್ಲೈಂಟ್ ಒಬ್ಬರು ಮೂರು ವಾರ ಕಣ್ಣೇ ತೊಳೆದಿಲ್ಲ! ಈಗ ರೆಪ್ಪೆ ಬುಡದಲ್ಲಿ ಹೊಟ್ಟಿನ ಹಾಗೆ ಪುಡಿ, ತುರಿಕೆ.

ಉತ್ತರ: ತಪ್ಪು ಅವರದ್ದಲ್ಲ, ನೀವು ಅರ್ಧ ಹೇಳಿದ್ದೀರಿ. ನೀರು ಬೇಡ ಎನ್ನುವುದು ಮೊದಲ ದಿನದ ಮಟ್ಟಿಗೆ. ಆಮೇಲೆ ದಿನಾ ಎಣ್ಣೆ ಇಲ್ಲದ ಲ್ಯಾಶ್ ಶಾಂಪೂ ನೊರೆಯಿಂದ ಮೆತ್ತನೆ ಬ್ರಷ್ ಹಿಡಿದು ಬುಡ ತೊಳೆಯಬೇಕು. ತೊಳೆಯದಿದ್ದರೆ ಅಂಚಿನಲ್ಲಿ ಜಿಡ್ಡು, ಕ್ರಿಮಿ ಕೂತು ರೆಪ್ಪೆಯ ಉರಿಯೂತ ಬರುತ್ತದೆ. ಅದಕ್ಕೆ ಬ್ಲೆಫರೈಟಿಸ್ ಎನ್ನುತ್ತಾರೆ. ಈಗ ರೀಫಿಲ್ ಮಾಡಬೇಡಿ. ಡಾಕ್ಟರ್ ನೋಡಲಿ, ವಾಸಿಯಾದ ಮೇಲೆ ಬರಲಿ. ಬಂದಾಗ ಕನ್ನಡಿ ಮುಂದೆ ಕೂರಿಸಿ, ಅವರ ಕೈಯಿಂದಲೇ ಒಮ್ಮೆ ತೊಳೆಸಿ.

ಪ್ರಶ್ನೆ: ಕ್ಲೈಂಟ್ ಕಣ್ಣು ಚೆನ್ನಾಗೇ ಇದೆ. ನನಗೇ ಸಂಜೆ ಹೊತ್ತಿಗೆ ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ. ಎನ್‌95 ಮಾಸ್ಕ್ ಹಾಕುತ್ತೇನೆ.

ಉತ್ತರ: ಎನ್‌95 ಧೂಳಿನ ಕಣ ತಡೆಯುತ್ತದೆ, ಆವಿಯನ್ನಲ್ಲ. ಕಿಟಕಿ ತೆಗೆಯಿರಿ, ಗಾಳಿ ನಿಮ್ಮ ಮುಖದಿಂದ ಆಚೆ ಹೋಗುವ ಹಾಗೆ ಫ್ಯಾನ್ ತಿರುಗಿಸಿ. ಕೆಲಸದ ದಿನ ಮಾತ್ರ ಕೆಮ್ಮು ಬಂದು ರಜೆಯಲ್ಲಿ ನಿಲ್ಲುತ್ತಿದ್ದರೆ, ಅಥವಾ ಎದೆಯಲ್ಲಿ ಸೀಟಿ ಹೊಡೆದ ಹಾಗಾದರೆ ಡಾಕ್ಟರಿಗೆ ತೋರಿಸಿ, ಗ್ಲೂ ಜೊತೆ ಕೆಲಸ ಎಂದು ಬಾಯಿಬಿಟ್ಟು ಹೇಳಿ. ಈ ಗ್ಲೂವಿನಿಂದ ಆಸ್ತಮಾ ಬರುವುದುಂಟು. ಅಂದಹಾಗೆ, ಗ್ಲೂ ಹನಿಯನ್ನು ಬೆರಳಿನ ರಿಂಗಿನಲ್ಲಿ ಇಟ್ಟುಕೊಳ್ಳುತ್ತೀರಾ? ಹಾಗಿದ್ದರೆ ದಿನವಿಡೀ ಅದು ನಿಮ್ಮ ಮೂಗಿನ ಕೆಳಗೇ ಇದೆ. ಇವತ್ತೇ ಕಲ್ಲಿನ ತಟ್ಟೆಗೆ ಬದಲಾಯಿಸಿ, ತಟ್ಟೆಯನ್ನು ಪಕ್ಕದ ಟ್ರಾಲಿ ಮೇಲಿಡಿ.